ಸದ್ದು ಮಾಡಿದ ಶಾಫ್ಟ್ ಉಳಿಯಿತು, ಸುಮ್ಮನಿದ್ದದ್ದು ಹೋಯಿತು: ಸವೆದ ಡ್ರೈವ್‌ಶಾಫ್ಟ್‌ಗಳ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ವಾಹನ ಮುಂದಿನ ಚಕ್ರಗಳಿಗೆ ಚಾಲನೆ ಇರುವ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಎಂಜಿನ್ ಅಡ್ಡಲಾಗಿ ಕೂತಿದೆ, ಗೇರ್‌ಬಾಕ್ಸ್ ಅದರ ಎಡ ತುದಿಯಲ್ಲಿದೆ, ಗೇರ್ ಕೈಯಿಂದಲೇ ಬದಲಿಸುವಂಥದ್ದು. ಕಾರು ಸುಮಾರು 1,40,000 ಕಿಲೋಮೀಟರ್ ಓಡಿತ್ತು. ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಎರಡೂ ಡ್ರೈವ್‌ಶಾಫ್ಟ್‌ಗಳು ಕಾರ್ಖಾನೆಯಿಂದ ಬಂದಾಗಿನವೇ ಆಗಿದ್ದು, ಹಿಂದೆ ಯಾರೂ ಅವನ್ನು ಬಿಚ್ಚಿದ ಗುರುತಿರಲಿಲ್ಲ. ಮಾಲೀಕರು ಹೇಳಿದ ದೂರುಗಳು ಎರಡು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮುಂಭಾಗದಿಂದ ಕಟಕಟ ಸದ್ದು ಬರುತ್ತದೆ, ಅದೂ ಎಡಕ್ಕೆ ತಿರುಗಿಸಿದಾಗ ಹೆಚ್ಚು. ಇನ್ನೊಂದು, ನೇರ ರಸ್ತೆಯಲ್ಲಿ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಜೋರಾಗಿ ವೇಗ ಹೆಚ್ಚಿಸಿದರೆ ಕಾರಿನ ಮೂತಿ ಅಕ್ಕಪಕ್ಕಕ್ಕೆ ನಡುಗುತ್ತದೆ, ಕಾಲು ತೆಗೆದ ಕೂಡಲೇ ಆ ನಡುಕ ನಿಲ್ಲುತ್ತದೆ.

ನಮ್ಮಲ್ಲಿಗೆ ಬರುವ ಮುನ್ನ ಅವರು ಇಬ್ಬರು ಮೆಕ್ಯಾನಿಕ್‌ಗಳ ಅಭಿಪ್ರಾಯ ಕೇಳಿದ್ದರು. ಒಬ್ಬರು ಎರಡೂ ಶಾಫ್ಟ್‌ಗಳನ್ನು ಇಡಿಯಾಗಿ ಬದಲಿಸಬೇಕು ಎಂದಿದ್ದರು. ಇನ್ನೊಬ್ಬರು ಶಾಫ್ಟಿನ ಕೀಲಾದ ಜಾಯಿಂಟನ್ನು ಮುಚ್ಚುವ, ಹರಿದ ರಬ್ಬರ್ ಬೂಟ್ ಬದಲಿಸಿ ಹೊಸ ಗ್ರೀಸ್ ತುಂಬಿದರೆ ಸಾಕು, ಇನ್ನೂ ವರ್ಷಗಟ್ಟಲೆ ಓಡುತ್ತದೆ ಎಂದಿದ್ದರು. ಇಬ್ಬರೂ ಜಾಯಿಂಟ್ ಬಿಚ್ಚಿ ನೋಡಿರಲಿಲ್ಲ. ಮೊದಲನೆಯ ಸಲಹೆಯಲ್ಲಿ ಅಪಾಯವಿಲ್ಲ, ಆದರೆ ಅನವಶ್ಯಕ ಖರ್ಚಿರಬಹುದು; ಎರಡನೆಯದರಲ್ಲಿ ಖರ್ಚು ಕಡಿಮೆ, ಆದರೆ ಅದೇ ಕೆಲಸವನ್ನು ಮತ್ತೆ ಮಾಡಬೇಕಾಗುವ ಸಾಧ್ಯತೆ ಹೆಚ್ಚು. ಕಾರನ್ನು ಇನ್ನೂ ಕೆಲವು ವರ್ಷ ಇಟ್ಟುಕೊಳ್ಳುವ ಉದ್ದೇಶ ಮಾಲೀಕರಿಗಿತ್ತು. ಆದ್ದರಿಂದ ಯಾವುದನ್ನು ಉಳಿಸಬಹುದು, ಯಾವುದನ್ನು ಉಳಿಸಲಾಗದು ಎಂಬುದನ್ನು ಬಿಚ್ಚಿ, ತೊಳೆದು, ಕಣ್ಣಾರೆ ನೋಡಿಯೇ ತೀರ್ಮಾನಿಸುವುದೆಂದು ಮೊದಲೇ ಒಪ್ಪಿಕೊಂಡೆವು.

ಶಾಫ್ಟ್ ಒಂದೇ ಬಿಡಿಭಾಗವಲ್ಲ

"ಶಾಫ್ಟ್ ಹೋಗಿದೆ" ಎಂಬ ಮಾತು ಗ್ಯಾರೇಜುಗಳಲ್ಲಿ ದಿನವೂ ಕೇಳಿಬರುತ್ತದೆ. ಆದರೆ ಹೋಗಿರುವುದು ಹೆಚ್ಚಿನ ಸಲ ಶಾಫ್ಟ್ ಅಲ್ಲ, ಅದರ ಒಂದು ತುದಿಯ ಜಾಯಿಂಟ್. ಈ ಕಾರಿನಲ್ಲಿರುವಂತೆ ಪ್ರತಿ ಕಡೆಯಲ್ಲೂ ಒಂದು ಉಕ್ಕಿನ ದಂಡ, ಚಕ್ರದ ಕಡೆಗೆ ಗುಂಡುಗಳುಳ್ಳ ಹೊರ ಜಾಯಿಂಟ್, ಗೇರ್‌ಬಾಕ್ಸ್ ಕಡೆಗೆ ಮೂರು ರೋಲರ್‌ಗಳ ಟ್ರೈಪಾಡ್ ಎಂಬ ಒಳ ಜಾಯಿಂಟ್, ಇವೆರಡನ್ನೂ ಮುಚ್ಚುವ ಮಡಿಕೆ ಮಡಿಕೆಯಾದ ಬೂಟ್‌ಗಳು ಇರುತ್ತವೆ. ಹೊರ ಜಾಯಿಂಟ್ ಸ್ಟಿಯರಿಂಗ್‌ನೊಂದಿಗೆ ತಿರುಗಬೇಕಾದ್ದರಿಂದ 45 ಡಿಗ್ರಿಯ ಆಸುಪಾಸಿನವರೆಗೂ ಬಾಗಬಲ್ಲದು. ಒಳ ಜಾಯಿಂಟ್ ಅಷ್ಟು ಬಾಗುವುದಿಲ್ಲ, ಬದಲಿಗೆ ಸಸ್ಪೆನ್ಷನ್ ಮೇಲೆ ಕೆಳಗೆ ಆಡಿದಾಗ ಶಾಫ್ಟಿನ ಉದ್ದ ಹೆಚ್ಚುಕಡಿಮೆಯಾಗುವಂತೆ ಒಳಗೂ ಹೊರಗೂ ಜಾರುತ್ತದೆ.

ಎರಡು ಕವಲುಗಳನ್ನು ಶಿಲುಬೆಯಾಕಾರದ ತುಂಡು ಜೋಡಿಸುವ ಹಳೆಯ ಬಗೆಯ ಕ್ರಾಸ್ ಜಾಯಿಂಟನ್ನು 30 ಡಿಗ್ರಿ ಬಾಗಿಸಿ ತಿರುಗಿಸಿದರೆ, ಒಳಬರುವ ವೇಗ ಒಂದೇ ಸಮನಾಗಿದ್ದರೂ ಹೊರಹೋಗುವ ವೇಗ ಒಂದೇ ಸುತ್ತಿನಲ್ಲಿ ಎರಡು ಬಾರಿ ಶೇ 13ರಷ್ಟು ಇಳಿದು ಶೇ 15ರಷ್ಟು ಏರುತ್ತದೆ. ಸ್ಟಿಯರಿಂಗ್ ಇರುವ ಚಕ್ರಕ್ಕೆ ಇಂಥ ಏರಿಳಿತ ಕೊಟ್ಟರೆ ಕಾರು ಓಡಿಸುವುದೇ ಕಷ್ಟ. 1920ರ ದಶಕದಲ್ಲಿ ಆಲ್ಫ್ರೆಡ್ ಶೆಪ್ಪಾ ರೂಪಿಸಿದ ಗುಂಡಿನ ಜಾಯಿಂಟ್ ಈ ತೊಡಕನ್ನು ನೀಗಿಸಿತು. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರು ಆ ಬಗೆಯ ಜಾಯಿಂಟನ್ನು ಅಗ್ಗದ ಸಣ್ಣ ಕಾರುಗಳ ಲೋಕಕ್ಕೆ ತಂದಿತು. ಅದರೊಳಗೆ ಸಾಮಾನ್ಯವಾಗಿ ಆರು ಗುಂಡುಗಳಿರುತ್ತವೆ. ಹೊರ ಬಟ್ಟಲಿನ ತೋಡುಗಳಿಗೂ ಒಳ ರೇಸ್ ಎಂಬ ಒಳಬಳೆಯ ತೋಡುಗಳಿಗೂ ನಡುವೆ ಸಿಕ್ಕಿಕೊಂಡಿರುವ ಈ ಗುಂಡುಗಳನ್ನು ಕೇಜ್ ಎಂಬ ಬಳೆ, ಎರಡು ಶಾಫ್ಟ್‌ಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲಿ ಹಿಡಿದಿಡುತ್ತದೆ. ಈ ಪ್ರಕರಣದ ತೀರ್ಮಾನ ನಿಂತದ್ದು ಇದೇ ತೋಡು, ಗುಂಡು, ಕೇಜ್‌ಗಳ ಸ್ಥಿತಿಯ ಮೇಲೆ. ಬೂಟ್ ಹರಿದದ್ದು ಕಾರಣವೇ ಹೊರತು ತೀರ್ಪಲ್ಲ.

ಬಿಚ್ಚುವ ಮುನ್ನ

ಕಾರನ್ನು ಲಿಫ್ಟ್‌ಗೆ ಏರಿಸಿದಾಗ ಬಲಗಡೆಯ ಹೊರ ಬೂಟ್ ದೊಡ್ಡ ಬಾಯಿಯ ಹತ್ತಿರದ ಮಡಿಕೆಯ ತಗ್ಗಿನಲ್ಲಿ ಸುತ್ತಲೂ ಸೀಳಿಕೊಂಡಿದ್ದುದು ಕಂಡಿತು. ಚಕ್ರದ ಒಳಮೈ, ಬ್ರೇಕ್ ಹೋಸ್, ಸ್ಟ್ರಟ್‌ನ ಕೆಳಭಾಗ ಇವುಗಳ ಮೇಲೆಲ್ಲ ಗ್ರೀಸ್ ಒಂದೇ ಸಾಲಿನಲ್ಲಿ ಎರಚಿ, ಧೂಳು ಹತ್ತಿ ಒಣಗಿತ್ತು. ಒಣಗಿದ ಗ್ರೀಸ್ ಸೀಳು ಇತ್ತೀಚಿನದಲ್ಲ ಎಂದು ಹೇಳುತ್ತದೆ. ಹಸಿ ಗ್ರೀಸ್ ಇದ್ದು, ಸದ್ದು ಇನ್ನೂ ಹುಟ್ಟಿರದಿದ್ದರೆ ಬೂಟ್ ಮಾತ್ರ ಬದಲಿಸಿ ಜಾಯಿಂಟ್ ಉಳಿಸುವ ಆಸೆ ಇಟ್ಟುಕೊಳ್ಳಬಹುದು. ಒಣ ಎರಚಲಿನ ಜೊತೆಗೆ ಸದ್ದೂ ಇದ್ದರೆ ಆ ಆಸೆ ಬಹಳ ಕಡಿಮೆ.

ಎಡಗಡೆಯ ಹೊರ ಬೂಟ್ ಹರಿದಿರಲಿಲ್ಲ, ಆದರೆ ಮಡಿಕೆಗಳನ್ನು ಬೆರಳಿನಿಂದ ಅಗಲಿಸಿದರೆ ರಬ್ಬರಿನ ಮೈಮೇಲೆ ಸಣ್ಣ ಬಿರುಕುಗಳು ಕಾಣುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ಎಡಗಡೆಯ ಒಳ ಬೂಟಿನ ದೊಡ್ಡ ಕ್ಲಾಂಪ್ ತುಕ್ಕು ಹಿಡಿದು ಸಡಿಲಗೊಂಡಿತ್ತು, ಅದರ ಅಂಚಿನಿಂದ ತೆಳುವಾದ ಗ್ರೀಸ್ ಜಿನುಗಿ ಗೇರ್‌ಬಾಕ್ಸ್ ಹೌಸಿಂಗ್‌ಗೆ ಅಂಟಿಕೊಂಡಿತ್ತು. ಒಳ ಬೂಟ್ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಮೇಲಾಗಿ ಆ ಜಾಗದ ಗ್ರೀಸನ್ನು ಗೇರ್‌ಬಾಕ್ಸ್ ಆಯಿಲ್ ಸೀಲಿನ ಸೋರಿಕೆ ಎಂದು ತಪ್ಪು ತಿಳಿದು ಮುಂದೆ ಹೋಗುವುದೂ ಉಂಟು.

ಬಿಚ್ಚುವ ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಬೇಕಿತ್ತು. ಶಾಫ್ಟನ್ನು ಚಕ್ರದ ನಡುಭಾಗಕ್ಕೆ ಬಿಗಿಯುವ ಹಬ್ ನಟ್ ಸಡಿಲವಾದರೂ ಟಕ್ ಎಂಬ ಸದ್ದು ಬರುತ್ತದೆ, ಆದರೆ ಅದು ಮುಂದೆ ಹಿಂದೆ ಚಲನೆ ಬದಲಾದಾಗ ಒಮ್ಮೆ ಬರುವ ಸದ್ದೇ ಹೊರತು ಚಕ್ರದ ಸುತ್ತಿಗೆ ಹೊಂದಿಕೊಂಡು ಬರುವ ಕಟಕಟ ಅಲ್ಲ. ಎಂಜಿನ್ ಮೌಂಟ್ ಹರಿದಿದ್ದರೂ ಮೂತಿ ನಡುಗಬಹುದು, ಮೌಂಟ್‌ಗಳು ಗಟ್ಟಿಯಾಗಿದ್ದವು. ಚಕ್ರದ ಬೇರಿಂಗ್ ಹಾಳಾದರೆ ವೇಗದೊಂದಿಗೆ ಏರುವ ಗುಂಯ್ ಎಂಬ ಸದ್ದು ಬರುತ್ತದೆ, ಇಲ್ಲಿ ಅದಿರಲಿಲ್ಲ. ಟೈರಿನ ಬ್ಯಾಲೆನ್ಸ್ ತಪ್ಪಿದ್ದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಮಾತ್ರಕ್ಕೆ ನಡುಕ ನಿಲ್ಲುವುದಿಲ್ಲ.

ಎಡಕ್ಕೆ ತಿರುಗಿಸಿದಾಗ ಸದ್ದು ಬಂದರೆ ಬಲಗಡೆಯ ಜಾಯಿಂಟ್ ಎಂಬ ಸೂತ್ರ ಎಲ್ಲ ಮೆಕ್ಯಾನಿಕ್‌ಗಳ ಬಾಯಲ್ಲೂ ಇದೆ. ಇದನ್ನು ಸುಳಿವು ಎಂದು ಇಟ್ಟುಕೊಳ್ಳಬಹುದು, ಸಾಕ್ಷಿ ಎಂದು ಅಲ್ಲ. ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಹೆಚ್ಚುಕಡಿಮೆ ಒಂದೇ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ, ತಿರುವಿನಲ್ಲಿ ಎರಡೂ ಹೊರ ಜಾಯಿಂಟ್‌ಗಳು ಬಾಗಿರುತ್ತವೆ, ಒಳಸುತ್ತಿನ ಚಕ್ರ ಇನ್ನೂ ಹೆಚ್ಚೇ ಬಾಗಿರುತ್ತದೆ. ಆದ್ದರಿಂದ ಲಿಫ್ಟಿನ ಮೇಲೆ ಚಕ್ರವನ್ನು ಒಬ್ಬರು ಹಿಡಿದು, ಇನ್ನೊಬ್ಬರು ನಡುದಂಡವನ್ನು ಹಿಂದೆ ಮುಂದೆ ತಿರುಚಿ, ಎರಡೂ ಕಡೆಯ ಪ್ಲೇ, ಅಂದರೆ ಸಡಿಲಿಕೆಯ ಆಟ, ಹೋಲಿಸಿದೆವು. ಬಲಗಡೆಯ ಹೊರ ಜಾಯಿಂಟಿನಲ್ಲಿ ಕೈಗೆ ತಿಳಿಯುವ ಟಿಕ್ ಇತ್ತು, ಎಡಗಡೆಯ ಹೊರ ಜಾಯಿಂಟ್ ಬಿಗಿಯಾಗಿತ್ತು. ಎಡಗಡೆಯ ಒಳ ಜಾಯಿಂಟ್ ತಿರುಚಿದಾಗ ಬಲಗಡೆಯದಕ್ಕಿಂತ ಹೆಚ್ಚು ಆಡುತ್ತಿತ್ತು. ಒಳ ಜಾಯಿಂಟನ್ನು ಶಾಫ್ಟಿನ ಉದ್ದಕ್ಕೆ ತಳ್ಳಿ ಎಳೆದಾಗ ಆಡುವುದು ಅದರ ಸಹಜ ಗುಣ. ಅದನ್ನು ನೋಡಿ ಒಳ್ಳೆಯ ಶಾಫ್ಟನ್ನು ಹಾಳಾಗಿದೆ ಎಂದುಕೊಂಡವರನ್ನು ಕಂಡಿದ್ದೇನೆ. ನೋಡಬೇಕಾದದ್ದು ತಿರುಚುವಿಕೆಯ ಪ್ಲೇ.

ತೊಳೆದ ಮೇಲೆ ಕಂಡದ್ದು

ಹಬ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ, ಗೇರ್‌ಬಾಕ್ಸ್ ಎಣ್ಣೆ ಇಳಿಸಿ, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ ಎರಡೂ ಶಾಫ್ಟ್‌ಗಳನ್ನು ಹೊರತೆಗೆದೆವು. ನಟ್ ಬಿಚ್ಚಿದ ಮೇಲೆ ಕಾರಿನ ಭಾರವನ್ನು ಆ ಚಕ್ರದ ಮೇಲೆ ಬಿಟ್ಟು ತಳ್ಳುವುದು ಸಲ್ಲದು. ಇಂಥ ಹಬ್‌ಗಳಲ್ಲಿ ಬೇರಿಂಗಿನ ಎರಡು ಒಳ ರೇಸ್‌ಗಳನ್ನು ಒತ್ತಿ ಹಿಡಿದಿರುವುದೇ ಶಾಫ್ಟಿನ ನಟ್. ಅದಿಲ್ಲದೆ ಭಾರ ಬಿದ್ದರೆ ಒಳ್ಳೆಯ ಬೇರಿಂಗ್ ಕೂಡ ಹಾಳಾಗಬಹುದು.

ಬಲಗಡೆಯ ಹೊರ ಜಾಯಿಂಟಿನಲ್ಲಿ ಉಳಿದಿದ್ದ ಗ್ರೀಸ್ ಒಳ್ಳೆಯ ಸ್ಥಿತಿಯಲ್ಲಿರುವ ಗ್ರೀಸಿನಂತೆ ಕಪ್ಪಾಗಿರಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳುಗಳ ನಡುವೆ ಉಜ್ಜಿದರೆ ಮರಳಿನಂತೆ ಕಿರುಗುಟ್ಟುತ್ತಿತ್ತು, ಅಯಸ್ಕಾಂತ ಹಿಡಿದರೆ ಮಿನುಗುವ ಪುಡಿ ಮೇಲೆದ್ದು ನಿಲ್ಲುತ್ತಿತ್ತು. ಜಾಯಿಂಟಿನ ಭಾಗಗಳಿಗೆ ಬಣ್ಣದ ಗುರುತು ಹಾಕಿ, ಒಳ ರೇಸ್ ಮತ್ತು ಕೇಜನ್ನು ಓರೆ ಮಾಡಿ ಒಂದೊಂದೇ ಗುಂಡನ್ನು ತೆಗೆದು, ಎಲ್ಲವನ್ನೂ ದ್ರಾವಕದಲ್ಲಿ ತೊಳೆದು ಒಣಗಿಸಿದ ಮೇಲಷ್ಟೇ ನೋಡಲು ಕೂತೆವು. ಗ್ರೀಸ್ ಮೆತ್ತಿಕೊಂಡಿರುವ ಜಾಯಿಂಟ್ ಎಲ್ಲವನ್ನೂ ಮುಚ್ಚಿಡುತ್ತದೆ. ಗುಂಡುಗಳ ಸುತ್ತ ದಪ್ಪ ಗ್ರೀಸ್ ಇದ್ದರೆ ಪ್ಲೇ ಕೂಡ ಕೈಗೆ ಸಿಗುವುದಿಲ್ಲ.

ಹೊರ ಬಟ್ಟಲಿನ ಆರು ತೋಡುಗಳಲ್ಲೂ ಗುಂಡು ಸಾಗಿದ ಜಾಡು ಹೊಳೆಯುತ್ತಿತ್ತು. ಬರೀ ಹೊಳಪು ದೋಷವಲ್ಲ, ಅದು ಓಡಿದ ಜಾಯಿಂಟಿನ ಸಹಜ ಗುರುತು. ಆದರೆ ಮೂರು ತೋಡುಗಳಲ್ಲಿ, ಕಾರು ನೇರ ಹೋಗುವಾಗ ಗುಂಡು ಕೂರುವ ಜಾಗದಲ್ಲಿ, ಒಂದೇ ಪಕ್ಕದ ಗೋಡೆಯ ಮೇಲೆ ಸಣ್ಣ ಹಳ್ಳಗಳಿದ್ದವು. ಉಗುರನ್ನು ತೋಡಿನ ಉದ್ದಕ್ಕೆ ಎಳೆದಾಗ ಹಳ್ಳದ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಆ ಗೋಡೆ ಯಾವ ಪಕ್ಕದ್ದು ಎಂದು ನೋಡಿದರೆ ಮುಂದಕ್ಕೆ ಹೋಗುವಾಗ ಎಂಜಿನ್ನಿನ ಟಾರ್ಕ್ ಹೊರುವ ಪಕ್ಕದ್ದು. ಎದುರು ಗೋಡೆ ನಯವಾಗಿತ್ತು. ಕೇಜಿನ ಆರು ಕಿಂಡಿಗಳಲ್ಲಿ ಗುಂಡು ಬಿಗಿಯಾಗಿ ಕೂರಬೇಕು, ಬೆರಳಿನಿಂದ ಒತ್ತಿ ಕೂರಿಸುವಷ್ಟು. ಇಲ್ಲಿ ಎರಡು ಕಿಂಡಿಗಳಲ್ಲಿ ಗುಂಡು ತಾನಾಗಿ ಬಿದ್ದು ಅಲ್ಲಾಡುತ್ತಿತ್ತು.

ಹೊಸ ಗ್ರೀಸ್ ತುಂಬಿದರೆ ಸಾಕೆಂಬ ಸಲಹೆ ಇಲ್ಲಿ ಬಿದ್ದುಹೋಯಿತು. ತೋಡುಗಳ ಮೇಲ್ಮೈ ಮಾತ್ರ ಗಡುಸುಗೊಳಿಸಿದ್ದಾಗಿರುತ್ತದೆ, ರಾಕ್‌ವೆಲ್ ಸಿ ಮಾಪನದಲ್ಲಿ 60ರ ಆಸುಪಾಸು. ಒಳಗಿನ ಉಕ್ಕು ಅದಕ್ಕಿಂತ ಮೆತ್ತಗಿನದು. ಮೇಲ್ಮೈ ಚಕ್ಕೆ ಏಳತೊಡಗಿದ ಮೇಲೆ ಪ್ರತಿ ಗುಂಡೂ ಹಳ್ಳದ ಅಂಚನ್ನು ಬಡಿದು ಇನ್ನಷ್ಟು ಚಕ್ಕೆ ಎಬ್ಬಿಸುತ್ತದೆ, ಎದ್ದ ಚಕ್ಕೆ ಹೊಸ ಗ್ರೀಸಿನಲ್ಲಿ ಸೇರಿ ಎಲ್ಲ ಗುಂಡುಗಳ ಕೆಳಗೂ ಸುತ್ತುತ್ತದೆ. ಒಳ್ಳೆಯ ಗ್ರೀಸ್ ಸದ್ದನ್ನು ಕೆಲವು ಕಾಲ ಅಡಗಿಸಬಹುದು, ಲೋಹವನ್ನು ಮರಳಿ ತರಲಾರದು.

ಅದೇ ಶಾಫ್ಟಿನ ಉಳಿದ ಭಾಗಗಳ ಕಥೆ ಬೇರೆಯೇ. ಒಳಗಿನ ಟ್ರೈಪಾಡ್ ಬೂಟ್ ಬಿಗಿಯಾಗಿತ್ತು, ಗ್ರೀಸ್ ಇನ್ನೂ ಶುದ್ಧವಾಗಿತ್ತು, ಮೂರು ರೋಲರ್‌ಗಳೂ ಸೂಜಿ ಬೇರಿಂಗ್‌ಗಳ ಮೇಲೆ ತಡೆಯಿಲ್ಲದೆ ಸುತ್ತುತ್ತಿದ್ದವು. ಗೇರ್‌ಬಾಕ್ಸಿನಿಂದ ದೂರವಿರುವ ಈ ಬಲಗಡೆಯ ಶಾಫ್ಟ್ ಉದ್ದವಾದದ್ದು, ಅದರ ನಡುದಂಡದ ಮೇಲೆ ಕಂಪನ ತಡೆಯುವ ರಬ್ಬರ್ ಡ್ಯಾಂಪರ್ ಇದೆ. ಡ್ಯಾಂಪರ್‌ನ ಅಂಚಿನ ಕೆಳಗೆ ನೀರು ನಿಂತು ದಂಡ ತುಕ್ಕಿನಿಂದ ಸಣ್ಣಗಾಗುವುದು ಕೆಲವು ಕಾರುಗಳಲ್ಲಿ ನಿಜವಾದ ಅಪಾಯ. ಅಂಥ ಶಾಫ್ಟ್ ಮುರಿದರೆ ಹೆಚ್ಚಾಗಿ ಅಲ್ಲೇ ಮುರಿಯುತ್ತದೆ. ಆದ್ದರಿಂದ ಅದರ ಜಾಗವನ್ನು ಗುರುತಿಸಿಕೊಂಡು, ಕ್ಲಾಂಪ್ ತೆಗೆದು, ಡ್ಯಾಂಪರನ್ನು ಪಕ್ಕಕ್ಕೆ ಸರಿಸಿ ತಂತಿ ಬ್ರಷ್‌ನಿಂದ ಉಜ್ಜಿ ನೋಡಿದೆವು. ತುಕ್ಕು ಮೇಲ್ಮೈಯದು, ಉಗುರು ಹಿಡಿಯುವ ಹಳ್ಳವಿರಲಿಲ್ಲ. ದಂಡವನ್ನು ವಿ-ಬ್ಲಾಕ್‌ಗಳ ಮೇಲಿಟ್ಟು ಡಯಲ್ ಗೇಜ್ ಹಿಡಿದು ತಿರುಗಿಸಿದಾಗ ಸೊಟ್ಟ ಕಾಣಲಿಲ್ಲ. ದಂಡದ ತುದಿಯಲ್ಲಿ ಜಾಯಿಂಟಿಗೆ ಸಿಕ್ಕಿಕೊಳ್ಳುವ ಸ್ಪ್ಲೈನ್‌ಗಳ ಹಲ್ಲು ತಿರುಚಿಕೊಂಡಿರಲಿಲ್ಲ, ಅವುಗಳ ಬುಡದಲ್ಲಿ ಬಿರುಕೂ ಇರಲಿಲ್ಲ.

ಎಡಗಡೆಯದರಲ್ಲಿ ಎಲ್ಲವೂ ತಿರುವುಮುರುವಾಗಿತ್ತು. ಬಿರುಕು ಬಿಟ್ಟ ಬೂಟಿನ ಒಳಗೆ ಹೊರ ಜಾಯಿಂಟಿನ ಗ್ರೀಸ್ ಕಪ್ಪಗೆ, ನಯವಾಗಿತ್ತು. ತೋಡುಗಳಲ್ಲಿ ಹೊಳಪು ಮಾತ್ರ, ಕೇಜಿನ ಆರೂ ಕಿಂಡಿಗಳು ಬಿಗಿ. ಆದರೆ ಒಳ ಜಾಯಿಂಟಿನ ಸಡಿಲ ಕ್ಲಾಂಪ್ ಗ್ರೀಸನ್ನು ಹೊರಗೆ ಬಿಟ್ಟು ನೀರನ್ನು ಒಳಗೆ ತೆಗೆದುಕೊಂಡಿತ್ತು. ಒಂದು ರೋಲರ್ ಸುತ್ತುವಾಗ ಅಲ್ಲಲ್ಲಿ ತಡೆದು ನಿಲ್ಲುತ್ತಿತ್ತು. ಹೌಸಿಂಗಿನ ಮೂರು ಹಾದಿಗಳಲ್ಲೂ ರೋಲರ್ ಸಾಮಾನ್ಯವಾಗಿ ನಿಲ್ಲುವ ಜಾಗದಲ್ಲಿ ತಗ್ಗು ಬಿದ್ದಿತ್ತು. ನೇರ ರಸ್ತೆಯ ನಡುಕಕ್ಕೆ ಇದೇ ಕಾರಣ. ಟ್ರೈಪಾಡ್ ಜಾಯಿಂಟ್ ಬಾಗಿ ಟಾರ್ಕ್ ಹೊರುವಾಗ ಪ್ರತಿ ಸುತ್ತಿಗೆ ಮೂರು ಬಾರಿ ಶಾಫ್ಟಿನ ಉದ್ದಕ್ಕೆ, ಅಂದರೆ ಕಾರಿಗೆ ಅಡ್ಡಲಾಗಿ, ತಳ್ಳುವ ಬಲವನ್ನು ಹುಟ್ಟಿಸುತ್ತದೆ. ರೋಲರ್ ಸಲೀಸಾಗಿ ಜಾರಿದರೆ ಆ ಬಲ ಗಮನಕ್ಕೆ ಬಾರದಷ್ಟು ಸಣ್ಣದು. ತಗ್ಗಿನ ಅಂಚಿಗೆ ರೋಲರ್ ಏರಿಳಿಯತೊಡಗಿದರೆ ಅದೇ ಬಲ ಕಾರಿನ ಮೂತಿಯನ್ನು ಅಲುಗಿಸುತ್ತದೆ. ಜೋರಾಗಿ ವೇಗ ಹೆಚ್ಚಿಸಿದಾಗ ಮುಂಭಾಗ ಮೇಲೇಳುವುದರಿಂದ ಜಾಯಿಂಟಿನ ಕೋನವೂ ಹೆಚ್ಚುತ್ತದೆ, ಟಾರ್ಕೂ ಹೆಚ್ಚುತ್ತದೆ, ನಡುಕ ಆಗಲೇ ಕಾಣಿಸಿಕೊಳ್ಳುತ್ತದೆ.

ಲೆಕ್ಕ ಹಾಕಿದ ಬಗೆ

ಇಡೀ ಶಾಫ್ಟ್ ಬದಲಿಸಿದರೂ ಒಂದು ಜಾಯಿಂಟ್ ಮಾತ್ರ ಬದಲಿಸಿದರೂ ಕಾರಿನಿಂದ ಶಾಫ್ಟ್ ಇಳಿಸಿ ಏರಿಸುವ ಕೂಲಿ ಒಂದೇ. ರಿಪೇರಿಯ ಆಯ್ಕೆಯಲ್ಲಿ ಬಿಡಿಭಾಗದ ಖರ್ಚು ಇಳಿಯುತ್ತದೆ, ಬೆಂಚಿನ ಮೇಲಿನ ಕೆಲಸ ಏರುತ್ತದೆ. ಉಳಿಸಿದ ಭಾಗ ಮುಂದೆ ಕೈಕೊಟ್ಟರೆ ಆ ಕೂಲಿಯನ್ನು ಮತ್ತೊಮ್ಮೆ ಪೂರ್ತಿ ಕೊಡಬೇಕು. ಹಾಗಾಗಿ ಪ್ರತಿ ಭಾಗಕ್ಕೂ ನಾವು ಕೇಳಿದ್ದು ಇದನ್ನು: ಹೊಸ ಬೂಟ್ ಬಾಳುವಷ್ಟು ಕಾಲ ಇದು ಬಾಳುತ್ತದೆಯೇ? ಬೂಟಿನ ಆಯುಸ್ಸಿಗಿಂತ ಮೊದಲೇ ಸೋಲುವ ಭಾಗವನ್ನು ಉಳಿಸುವುದು ಉಳಿತಾಯವಲ್ಲ.

ಎಡಗಡೆಯ ಶಾಫ್ಟಿನ ವಿಷಯದಲ್ಲಿ ಉತ್ತರ ಬೇಗ ಸಿಕ್ಕಿತು. ರೋಲರ್‌ಗಳ ಸೆಟ್ ಪ್ರತ್ಯೇಕವಾಗಿ ಸಿಗುತ್ತಿತ್ತು, ಆದರೆ ತಗ್ಗು ಬಿದ್ದ ಹೌಸಿಂಗ್ ಪ್ರತ್ಯೇಕವಾಗಿ ಸಿಗುತ್ತಿರಲಿಲ್ಲ. ಹಳೆಯ ತಗ್ಗಿನಲ್ಲಿ ಹೊಸ ರೋಲರ್ ಹಾಕಿದರೆ ನಡುಕ ಅಷ್ಟೇ ಇರುತ್ತದೆ, ರೋಲರೂ ಬೇಗ ಹಾಳಾಗುತ್ತದೆ. ಹೀಗಾಗಿ, ಕಟಕಟ ಸದ್ದು ಮಾಡದ ಆ ಶಾಫ್ಟನ್ನು ಇಡಿಯಾಗಿ ಬದಲಿಸುವುದೆಂದು ತೀರ್ಮಾನವಾಯಿತು.

ಬದಲಿಗೆ ಯಾವುದನ್ನು ತರುವುದು ಎಂಬ ಪ್ರಶ್ನೆ ಇನ್ನಷ್ಟು ಯೋಚನೆ ಬೇಡಿತು. ಕಾರು ತಯಾರಕರ ಮೂಲ ಶಾಫ್ಟ್, ಬೇರೆ ತಯಾರಕರ ಹೊಸ ಶಾಫ್ಟ್, ಹಳೆಯದನ್ನು ಕಾರ್ಖಾನೆಯಲ್ಲಿ ಮರುಸಜ್ಜುಗೊಳಿಸಿದ್ದು, ಈ ಮೂರೂ ಸಿಗುತ್ತಿದ್ದವು. ಮರುಸಜ್ಜು ಮಾಡುವವರು ಸವೆದ ತೋಡುಗಳನ್ನು ಮತ್ತೆ ಉಜ್ಜಿ ನಯಗೊಳಿಸಿ, ಸ್ವಲ್ಪ ದೊಡ್ಡ ಗುಂಡುಗಳನ್ನು ಹಾಕುತ್ತಾರೆ. ಎಚ್ಚರಿಕೆಯಿಂದ ಮಾಡಿದರೆ ಇದು ಒಳ್ಳೆಯ ಕೆಲಸವೇ, ಮೂಲ ಉಕ್ಕು ಒಳ್ಳೆಯದಾಗಿದ್ದರೆ ಅಗ್ಗದ ಹೊಸದಕ್ಕಿಂತ ಚೆನ್ನಾಗಿ ಬಾಳಬಹುದು. ಆದರೆ ಉಜ್ಜಿದಷ್ಟೂ ಗಡುಸು ಪದರ ತೆಳ್ಳಗಾಗುತ್ತದೆ, ಎಷ್ಟು ಉಳಿದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಬಣ್ಣ ಬಳಿದ ನಡುದಂಡ ಹಿಂದೆ ಎಷ್ಟು ತುಕ್ಕು ತಿಂದಿತ್ತು ಎಂಬುದೂ ಕಾಣುವುದಿಲ್ಲ. ಬಿಚ್ಚಿ ನೋಡಲಾಗದ ವಸ್ತುವಿನ ಮೇಲೆ ತೀರ್ಮಾನ ಕೊಡುವ ಇಷ್ಟ ನನಗಿರಲಿಲ್ಲ. ಅಗ್ಗದ ಹೊಸ ಶಾಫ್ಟ್‌ಗಳ ಬಗ್ಗೆಯೂ ನನ್ನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ. ದಂಡದ ದಪ್ಪ ಬೇರೆ ಇರುವುದು, ಡ್ಯಾಂಪರನ್ನೇ ಬಿಟ್ಟಿರುವುದು, ಒಳ ಜಾಯಿಂಟ್ ಬಿಗಿಯಾಗಿ ಜಾರಿ ಎಂಜಿನ್ನಿನ ಕಂಪನವನ್ನು ಕಾರಿನೊಳಗೆ ತರುವುದು ಇವೆಲ್ಲ ಅವುಗಳಲ್ಲಿ ಅಪರೂಪವಲ್ಲ. ಕೊನೆಗೆ ಮೂಲ ಶಾಫ್ಟನ್ನೇ ಆರಿಸಿಕೊಂಡೆವು.

ಬಲಗಡೆಯ ಶಾಫ್ಟಿಗೆ ಬೇಕಿದ್ದದ್ದು ಹೊರ ಜಾಯಿಂಟ್ ಒಂದೇ. ದಂಡ, ಡ್ಯಾಂಪರ್, ಒಳ ಜಾಯಿಂಟ್ ಮೂರೂ ಪರೀಕ್ಷೆಯಲ್ಲಿ ಗೆದ್ದಿದ್ದವು. ಹೊಸ ಹೊರ ಜಾಯಿಂಟ್ ತರಿಸಿ ನೋಡಿದಾಗ ಸ್ಪ್ಲೈನ್‌ಗಳ ಸಂಖ್ಯೆ ಹೊಂದುತ್ತಿತ್ತು, ಆದರೆ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್‌ಗೆ ಬೇಕಾದ ಹಲ್ಲಿನ ಉಂಗುರ ಅದರ ಮೇಲಿರಲಿಲ್ಲ. ಈ ಕಾರಿನಲ್ಲಿ ಚಕ್ರದ ವೇಗ ಅಳೆಯುವ ಸೆನ್ಸರ್ ಓದುವುದು ಇದೇ ಉಂಗುರದ ಹಲ್ಲುಗಳನ್ನು. ಹಲ್ಲುಗಳ ಸಂಖ್ಯೆ ಬೇರೆಯಾದರೆ ಎಬಿಎಸ್ ಘಟಕಕ್ಕೆ ಆ ಚಕ್ರ ಬೇರೆ ವೇಗದಲ್ಲಿ ಸುತ್ತುತ್ತಿರುವಂತೆ ಕಾಣುತ್ತದೆ. ಉಂಗುರವೇ ಇಲ್ಲದಿದ್ದರೆ ಎಚ್ಚರಿಕೆ ದೀಪ ಹತ್ತುತ್ತದೆ, ಎಬಿಎಸ್ ಕೆಲಸ ನಿಲ್ಲಿಸುತ್ತದೆ. ಹಳೆಯ ಜಾಯಿಂಟಿನ ಉಂಗುರ ಕೆಳಗಿನ ತುಕ್ಕಿನಿಂದ ಉಬ್ಬಿ ಒಂದು ಕಡೆ ಸೀಳಿತ್ತು, ಅದನ್ನು ಕಳಚಿ ಮತ್ತೆ ಒತ್ತಿ ಕೂರಿಸುವ ಹಾಗಿರಲಿಲ್ಲ.

ಹೇಗಿದ್ದರೂ ಹೊರಹೋಗಲಿರುವ ಎಡಗಡೆಯ ಶಾಫ್ಟಿನ ಹೊರ ಜಾಯಿಂಟ್ ನೆನಪಾದದ್ದು ಆಗ. ಎರಡೂ ಕಡೆಯ ಹೊರ ಜಾಯಿಂಟ್‌ಗಳ ಭಾಗಸಂಖ್ಯೆ ಒಂದೇ ಆಗಿತ್ತು, ಅದರ ಉಂಗುರ ಗಟ್ಟಿಯಾಗಿತ್ತು, ಹಲ್ಲುಗಳ ಸಂಖ್ಯೆ ಸರಿಯಾಗಿತ್ತು. ಇನ್ನೊಂದು ಅನುಕೂಲವೂ ಇತ್ತು. ಕಾರು ಮುಂದೆ ಹೋಗುವಾಗ ಹೊರಗಿನಿಂದ ನೋಡಿದರೆ ಎಡ ಚಕ್ರ ಒಂದು ದಿಕ್ಕಿಗೆ ಸುತ್ತುತ್ತದೆ, ಬಲ ಚಕ್ರ ಅದರ ಎದುರು ದಿಕ್ಕಿಗೆ. ಹಾಗಾಗಿ ಎಡಗಡೆಯ ಜಾಯಿಂಟನ್ನು ಬಲಕ್ಕೆ ತಂದರೆ ಇಷ್ಟು ದಿನ ಎಂಜಿನ್ನಿನ ಟಾರ್ಕ್ ಹೊತ್ತ ತೋಡಿನ ಗೋಡೆಗೆ ಬಿಡುವು ಸಿಕ್ಕಿ, ಎದುರು ಗೋಡೆ ಕೆಲಸಕ್ಕೆ ಬರುತ್ತದೆ. ಎರಡೂ ಕಡೆಯ ಶಾಫ್ಟ್‌ಗಳು ಒಂದೇ ಅಳತೆಯವಾದಾಗ ಹಳೆಯ ಮೆಕ್ಯಾನಿಕ್‌ಗಳು ಅವನ್ನು ಅದಲುಬದಲು ಮಾಡುತ್ತಿದ್ದುದರ ಹಿಂದಿನ ತರ್ಕವೂ ಇದೇ. ಆ ಎದುರು ಗೋಡೆ ಪೂರ್ತಿ ಹೊಸದೇನಲ್ಲ, ಎಂಜಿನ್ ಬ್ರೇಕಿಂಗ್ ಮತ್ತು ರಿವರ್ಸ್ ಗೇರಿನಲ್ಲಿ ಅದಕ್ಕೂ ಲೋಡ್ ಬಿದ್ದಿರುತ್ತದೆ. ಆದರೂ ಹೊತ್ತ ಭಾರ ಬಹಳ ಕಡಿಮೆ. ಈ ಉಪಾಯಕ್ಕೆ ಒಂದು ಮಿತಿಯೂ ಇದೆ. ಕೇಜಿನ ಕಿಂಡಿಗಳ ಮೇಲೆ ಬೀಳುವ ಬಲ ಶಾಫ್ಟಿನ ಉದ್ದದ ದಿಕ್ಕಿನದು, ಸುತ್ತುವ ದಿಕ್ಕಿನದಲ್ಲ, ಆದ್ದರಿಂದ ಸವೆದ ಕೇಜ್ ಜಾಗ ಬದಲಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಇಲ್ಲಿ ಕಿಂಡಿಗಳು ಬಿಗಿಯಾಗಿದ್ದುದೇ ಈ ದಾರಿ ತೆರೆದದ್ದು. ಬಲಗಡೆಯ ಹಾಳಾದ ಜಾಯಿಂಟನ್ನು ಇದೇ ಉಪಾಯದಿಂದ ಎಡಕ್ಕೆ ಹಾಕಿ ಉಳಿಸಬಹುದೇ ಎಂದು ಯಾರಾದರೂ ಕೇಳಿದ್ದರೆ ಕೇಜಿನ ಕಾರಣಕ್ಕೇ ಬೇಡ ಎನ್ನುತ್ತಿದ್ದೆ.

ಮಾಲೀಕರ ಮುಂದೆ ಎರಡು ದಾರಿ ಇಟ್ಟೆವು: ಉಂಗುರವಿರುವ ಹೊಸ ಜಾಯಿಂಟ್ ಬರುವವರೆಗೆ ಕಾಯುವುದು, ಅಥವಾ ಪರೀಕ್ಷೆಯಲ್ಲಿ ಗೆದ್ದ ಹಳೆಯ ಜಾಯಿಂಟನ್ನು ಬಳಸುವುದು. ಹಳೆಯದಕ್ಕೆ ಹೊಸದರಷ್ಟು ಆಯುಸ್ಸಿನ ಭರವಸೆ ಕೊಡಲಾಗದು ಎಂದೂ, ಅದು ಸೋತರೆ ಕೂಲಿ ಮತ್ತೆ ಬೀಳುತ್ತದೆ ಎಂದೂ ಸ್ಪಷ್ಟವಾಗಿ ಹೇಳಿದೆವು. ಅವರು ಎರಡನೆಯದನ್ನು ಆರಿಸಿಕೊಂಡರು. ಕಾರು ಬಾಡಿಗೆಗೆ ಓಡುವಂಥದ್ದಾಗಿದ್ದು, ನಿಂತ ಪ್ರತಿ ದಿನವೂ ನಷ್ಟವಾಗುವ ಹಾಗಿದ್ದರೆ ಎರಡೂ ಕಡೆಗೆ ಹೊಸ ಶಾಫ್ಟ್ ಹಾಕಿ ಎನ್ನುತ್ತಿದ್ದೆ. ಬಲಗಡೆಯ ದಂಡದಲ್ಲಿ ತುಕ್ಕಿನ ಹಳ್ಳ ಒಂದೇ ಒಂದಿದ್ದರೂ ಲೆಕ್ಕ ಹಾಕುವ ಪ್ರಶ್ನೆಯೇ ಇರುತ್ತಿರಲಿಲ್ಲ, ಆ ಶಾಫ್ಟನ್ನೂ ಬದಲಿಸುತ್ತಿದ್ದೆವು. ಏಕೆಂದರೆ ಒಂದು ಕಡೆಯ ಶಾಫ್ಟ್ ತುಂಡಾದರೆ ಡಿಫರೆನ್ಷಿಯಲ್ ಆ ಕಡೆಯೇ ಸುಮ್ಮನೆ ಸುತ್ತಿ ಕಾರಿಗೆ ಎಳೆತ ಇಲ್ಲದಾಗುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ನಿಲ್ಲಿಸಿದ ಕಾರನ್ನು ಆ ಗೇರ್ ಕೂಡ ಹಿಡಿಯುವುದಿಲ್ಲ, ಹ್ಯಾಂಡ್‌ಬ್ರೇಕ್ ಒಂದೇ ಗತಿ. ಓಡುತ್ತಿರುವಾಗ ತುಂಡಾದ ದಂಡ ಬ್ರೇಕ್ ಹೋಸನ್ನೋ ಸೆನ್ಸರಿನ ವೈರನ್ನೋ ಬಡಿಯಬಹುದು.

ಜೋಡಣೆಯಲ್ಲಿ ಗಮನಿಸಿದ್ದು

ಎಡಗಡೆಯಿಂದ ತೆಗೆದ ಜಾಯಿಂಟನ್ನು ತೊಳೆದು, ಗುರುತುಗಳಿಗೆ ಸರಿಯಾಗಿ ಜೋಡಿಸಿ, ಹೊಸ ಬೂಟ್ ಮತ್ತು ಕ್ಲಾಂಪನ್ನು ದಂಡಕ್ಕೆ ಮೊದಲೇ ಏರಿಸಿ, ಹೊಸ ಸರ್ಕ್ಲಿಪ್‌ನೊಂದಿಗೆ ಬಲಗಡೆಯ ದಂಡಕ್ಕೆ ಕೂರಿಸಿದೆವು. ಜಾಯಿಂಟನ್ನು ದಂಡದ ಮೇಲೆ ಹಿಡಿದಿಡುವ ಈ ತಂತಿಬಳೆ ತನ್ನ ತೋಡಿನಲ್ಲಿ ಕೂತದ್ದು ಕಿವಿಗೆ ಕೇಳುತ್ತದೆ, ಆದರೂ ಜಾಯಿಂಟನ್ನು ಎಳೆದು ನೋಡದೆ ಮುಂದೆ ಹೋಗಬಾರದು. ಹೊರ ಜಾಯಿಂಟಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಗ್ರೀಸ್, ಟ್ರೈಪಾಡ್‌ಗೆ ಅದರ ಕಿಟ್‌ನಲ್ಲಿ ಬಂದ ಬೇರೆ ಗ್ರೀಸ್. ಇವೆರಡನ್ನೂ ಬೆರೆಸುವುದಾಗಲಿ, ಕೈಗೆ ಸಿಕ್ಕ ಬೇರಿಂಗ್ ಗ್ರೀಸ್ ತುಂಬುವುದಾಗಲಿ ತಪ್ಪು. ಕಿಟ್‌ನಲ್ಲಿರುವ ಪೊಟ್ಟಣವನ್ನು ಪೂರ್ತಿ ಹಾಕಬೇಕು, ಹೆಚ್ಚಿಗೆ ಬೇಡ. ಬೂಟ್ ಗ್ರೀಸಿನಿಂದ ಉಬ್ಬಿದರೆ ಅದೇ ಅದರ ಮಡಿಕೆಯನ್ನು ಸೀಳುತ್ತದೆ.

ಟ್ರೈಪಾಡ್ ಬೂಟಿನ ಸಣ್ಣ ಕ್ಲಾಂಪ್ ಬಿಗಿಯುವ ಮೊದಲು ಜಾಯಿಂಟನ್ನು ಕೆಲಸದ ಉದ್ದಕ್ಕೆ ತಂದು, ಬೂಟಿನ ಬಾಯಿಗೆ ತೆಳುವಾದ ಮೊಂಡು ಪಟ್ಟಿ ತೂರಿಸಿ ಒಳಗಿನ ಗಾಳಿಯನ್ನು ಹೊರಗಿನದಕ್ಕೆ ಸಮ ಮಾಡಿದೆವು. ಇದನ್ನು ಬಿಟ್ಟರೆ ಬೂಟ್ ಒಳಕ್ಕೆ ಕುಸಿದು ದಂಡಕ್ಕೆ ಉಜ್ಜಿಕೊಳ್ಳುತ್ತದೆ. ಡ್ಯಾಂಪರನ್ನು ಗುರುತಿನ ಜಾಗಕ್ಕೇ ಮರಳಿಸಿದೆವು. ಗೇರ್‌ಬಾಕ್ಸಿನ ಎರಡೂ ಆಯಿಲ್ ಸೀಲ್‌ಗಳನ್ನು ಹೊಸದು ಹಾಕಿದ್ದು ಬೇರೆ ಕಾರಣಕ್ಕಲ್ಲ, ಶಾಫ್ಟ್ ಹೊರಗಿರುವಾಗ ಆ ಕೆಲಸಕ್ಕೆ ಕೂಲಿಯೇ ಇಲ್ಲದಿರುವುದರಿಂದ. ಹಬ್ ನಟ್‌ಗಳೂ ಹೊಸವು, ಒಮ್ಮೆ ತಟ್ಟಿ ಮಡಿಸಿದ ನಟ್ಟನ್ನು ಮತ್ತೆ ಬಳಸುವಂತಿಲ್ಲ. ಅವನ್ನು ಕೈಪಿಡಿಯ ಟಾರ್ಕ್‌ಗೆ ಟಾರ್ಕ್ ರೆಂಚ್‌ನಿಂದಲೇ ಬಿಗಿದೆವು. ಇಂಪ್ಯಾಕ್ಟ್ ಗನ್‌ನಿಂದ ಬಿಗಿದು ಬಿಡುವ ಅಭ್ಯಾಸ ಎಷ್ಟೋ ಚಕ್ರದ ಬೇರಿಂಗ್‌ಗಳನ್ನು ತಿಂದಿದೆ.

ನಂತರದ ಸ್ಥಿತಿ

ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಎರಡೂ ದಿಕ್ಕಿಗೆ, ಮುಂದಕ್ಕೂ ಹಿಂದಕ್ಕೂ ಸುತ್ತು ಹಾಕಿದಾಗ ಸದ್ದು ಬರಲಿಲ್ಲ. ಎರಡನೆಯ, ಮೂರನೆಯ ಗೇರಿನ ನಡುಕ ಹೋಗಿತ್ತು. ಎಬಿಎಸ್ ದೀಪ ಹತ್ತಿ ಆರಿತು, ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರಗಳ ವೇಗ ಒಂದಕ್ಕೊಂದು ಹೊಂದುತ್ತಿತ್ತು. ಹೆದ್ದಾರಿಯ ವೇಗದಲ್ಲಿ ಸ್ಟಿಯರಿಂಗ್‌ನಲ್ಲಿ ಸಣ್ಣ ಕಂಪನ ಮಾತ್ರ ಉಳಿದಿತ್ತು. ಕಾಲು ತೆಗೆದರೂ ಅದು ನಿಲ್ಲುತ್ತಿರಲಿಲ್ಲವಾದ್ದರಿಂದ ಶಾಫ್ಟಿನತ್ತ ಮತ್ತೆ ನೋಡುವ ಅಗತ್ಯ ಬೀಳಲಿಲ್ಲ. ಮುಂದಿನ ಚಕ್ರಗಳ ಬ್ಯಾಲೆನ್ಸ್ ಸರಿಪಡಿಸಿದ ಮೇಲೆ ಅದೂ ಹೋಯಿತು.

ಮುಂದಿನ ಸರ್ವಿಸ್‌ಗೆ ಬಂದಾಗ ನಾಲ್ಕೂ ಬೂಟ್‌ಗಳ ಹೊರಮೈಯಲ್ಲಿ ಗ್ರೀಸ್ ಜಿನುಗಿರಲಿಲ್ಲ, ಬಲಗಡೆಯ ಹೊರ ಜಾಯಿಂಟಿನಲ್ಲಿ ತಿರುಚುವಿಕೆಯ ಪ್ಲೇ ಎಡಗಡೆಯ ಹೊಸದಕ್ಕಿಂತ ಹೆಚ್ಚಿದ್ದುದು ಕೈಗೆ ತಿಳಿಯಲಿಲ್ಲ. ಎಣ್ಣೆ ಬದಲಿಸುವಾಗಲೆಲ್ಲ ಸ್ಟಿಯರಿಂಗ್ ಎರಡೂ ಕಡೆಗೆ ತಿರುಗಿಸಿ ಹೊರ ಬೂಟ್‌ಗಳ ಮಡಿಕೆಗಳನ್ನು, ಕೆಳಗಿನಿಂದ ಒಳ ಬೂಟ್‌ಗಳ ಕ್ಲಾಂಪ್‌ಗಳನ್ನು ನೋಡಬೇಕೆಂದು ಕಾರಿನ ಸರ್ವಿಸ್ ಪುಸ್ತಕದಲ್ಲಿ ಬರೆದೆವು. ಬಲಗಡೆಯ ಜಾಯಿಂಟ್ ಹಳೆಯದು, ಎಡದಿಂದ ಬಂದದ್ದು ಎಂಬುದನ್ನೂ ಅದೇ ಪುಟದಲ್ಲಿ ನಮೂದಿಸಿದೆವು, ಮುಂದೆ ಬಿಚ್ಚುವವರು ಅದರ ತೋಡುಗಳ ಎರಡೂ ಗೋಡೆಗಳಲ್ಲಿ ಜಾಡು ಕಂಡು ಗೊಂದಲಕ್ಕೆ ಬೀಳದಿರಲಿ ಎಂದು.